ಬಂಡೆ ಅವಳಿಗೆ, ನೆಲ ನನಗೆ

ನನ್ನ ವಾರಗಿತ್ತಿ ನೋಡಲು ಚೆಂದ, ಮಾತು ಚೆಂದ, ಕೈಯಡುಗೆಯೂ ಪರವಾಗಿಲ್ಲ. ಇಷ್ಟನ್ನೂ ನಾನು ಸಹಿಸಿಕೊಂಡಿದ್ದೆ. ಅವಳು ಪ್ಲಾಸ್ಟರ್ ಕಲಸಲು ಕೈ ಹಾಕಿದ ದಿನದಿಂದ ಮಾತ್ರ ಅವಳನ್ನು ಕಂಡರೆ ನನ್ನ ಹೊಟ್ಟೆ ಉರಿಯತೊಡಗಿತು. ಇದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅವಳಿಗೂ ಗೊತ್ತಿತ್ತು ಅಂತ ಕಾಣುತ್ತದೆ, ಗೊತ್ತಿಲ್ಲದವಳಂತೆ ನಗುತ್ತಿದ್ದಳು. ಆ ನಗು ಕಂಡರೆ ನನಗೆ ಇನ್ನಷ್ಟು ಉರಿ.

ನಮ್ಮ ಮನೆ ಇರುವುದು ಚಳ್ಳಕೆರೆಯಲ್ಲಿ, ಎಣ್ಣೆ ಮಿಲ್ಲುಗಳ ಹಿಂದಿನ ಒಂದು ಓಣಿಯಲ್ಲಿ. ನನ್ನ ಮಾವ ಒಂದು ಕಾಲಕ್ಕೆ ಸುತ್ತಲಿನ ಹಳ್ಳಿಗಳ ನಾಟಕಕ್ಕೆ ಸೀನರಿ ಬರೆಯುತ್ತಿದ್ದವರು. ಅರಮನೆಯ ಪರದೆ, ಕಾಡಿನ ಪರದೆ ಬಾಡಿಗೆಗೆ ಕೇಳುವವರು ಕಡಿಮೆಯಾದ ಮೇಲೆ ಅವರು ಪ್ಲಾಸ್ಟರ್ ಹಿಡಿದರು. ಊರಿನಲ್ಲಿ ಆಗ ಎಲ್ಲರೂ ಮನೆಗೆ ಪಿಓಪಿ ಸೀಲಿಂಗ್ ಮಾಡಿಸುತ್ತಿದ್ದರು. ಮಾವ ಆ ಗೋಜಿಗೆ ಹೋಗಲಿಲ್ಲ. ಸ್ಲೇಟಿನಷ್ಟು ಅಗಲದ ತೆಳ್ಳನೆಯ ಶೀಟುಗಳನ್ನು ಎರಕ ಹೊಯ್ಯತೊಡಗಿದರು. ಒಂದರ ಮೇಲೆ ಕಲ್ಲುಗೋಡೆಯ ಗೆರೆ, ಒಂದರ ಮೇಲೆ ಇಟ್ಟಿಗೆ, ಒಂದರ ಮೇಲೆ ಹೆಂಚು. ಅವನ್ನು ಸಣ್ಣ ಗರಗಸದಲ್ಲಿ ಕೊಯ್ದು ಅಂಟಿಸಿದರೆ ಮೊಳದುದ್ದದ ಮನೆ, ಗುಡಿ, ಬಾವಿಕಟ್ಟೆ. ಶಾಲೆಗಳ ವಸ್ತುಪ್ರದರ್ಶನಕ್ಕೆ, ದಸರಾ ಗೊಂಬೆ ಕೂರಿಸುವವರಿಗೆ, ಗಣೇಶನ ಪೆಂಡಾಲಿಗೆ, ಮಾಡೆಲ್ ಮಾಡಬೇಕಾದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅವು ಬೇಕು. ಕೇಳಿಕೊಂಡು ಬರುವವರು ಯಾವಾಗಲೂ ಇದ್ದರು.

ನಾನು ದೇವಸಮುದ್ರದ ಕಡೆಯವಳು, ಕುರಿ ಕಾಯುವವರ ಮನೆಯ ಮಗಳು. ಮದುವೆಯಾಗಿ ಬಂದಾಗ ಹಿತ್ತಲ ಶೆಡ್ಡಿನ ಬಿಳಿ ಧೂಳು ನೋಡಿ ಇದೇನು ಸುಣ್ಣದ ಕೆಲಸವೋ ಅಂದುಕೊಂಡಿದ್ದೆ. ಮಾವನ ಮಕ್ಕಳಿಬ್ಬರಿಗೂ ಅದು ಬೇಡವಾಗಿತ್ತು. ನನ್ನ ಗಂಡನಿಗೆ ಅವನ ಗೂಡ್ಸ್ ಗಾಡಿಯೇ ಪ್ರಪಂಚ, ಮೈದುನನಿಗೆ ಮೊಬೈಲ್ ಅಂಗಡಿ. ಮಾವನ ಕೈ ಸಣ್ಣಗೆ ನಡುಗಲು ಶುರುವಾದಾಗ, ಪ್ಲಾಸ್ಟರ್ ತುಂಬಿದ ಬೋಗುಣಿಯನ್ನು ಎತ್ತಿ ಕೊಡಲು ನಾನೇ ಹೋದೆ. ಎತ್ತಿ ಕೊಡುತ್ತ ಕೊಡುತ್ತ ಹೊಯ್ಯಲು ಕಲಿತೆ.

ಕೆಲಸ ನೋಡಲು ಸುಲಭ. ಮೇಜಿನ ಮೇಲೆ ದಪ್ಪ ಗಾಜು, ಅದಕ್ಕೆ ಸೋಪುನೀರು ಮತ್ತು ಶೇಂಗಾ ಎಣ್ಣೆಯ ತೆಳು ಲೇಪ, ನಾಲ್ಕೂ ಕಡೆ ಮರದ ಪಟ್ಟಿ. ನಮ್ಮ ಬೋರಿನ ನೀರು ಉಪ್ಪು. ಅದರಲ್ಲಿ ಕಲಸಿದರೆ ಬೋಗುಣಿಯಲ್ಲೇ ಗಟ್ಟಿಯಾಗಿಬಿಡುತ್ತದೆ, ಹಾಗಾಗಿ ಫಿಲ್ಟರ್ ನೀರಿನ ಕ್ಯಾನ್ ತರಬೇಕು. ಪುಡಿಯನ್ನು ನೀರಿಗೆ ಉದುರಿಸುತ್ತ ಹೋಗಬೇಕು, ಅದು ಮುಳುಗುವುದನ್ನು ನಿಲ್ಲಿಸಿ ಮೇಲೆ ಒಣ ದಿಬ್ಬದಂತೆ ನಿಂತಾಗ ಸಾಕು. ಆಮೇಲೆ ಕೈ ಇಳಿಸಿ, ಗುಳ್ಳೆ ಏಳದಂತೆ ನಿಧಾನಕ್ಕೆ ಕಲಸಬೇಕು. ಹೊಯ್ದ ಮೇಲೆ ಮೇಜನ್ನು ಕೆಳಗಿನಿಂದ ತಟ್ಟಬೇಕು. ಗೆರೆ ಕೊರೆಯುವ ಹೊತ್ತು ತಟ್ಟೆಯಲ್ಲಿ ಕೊಬ್ಬರಿ ಮಿಠಾಯಿ ಕೊಯ್ಯುವ ಹೊತ್ತಿನಂತೆ. ಬೇಗ ಕೊಯ್ದರೆ ಗೆರೆ ಮುಚ್ಚಿಕೊಳ್ಳುತ್ತದೆ, ತಡವಾದರೆ ಪುಡಿಯಾಗುತ್ತದೆ. ಅದು ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಆ ಬಿಸಿ ಶೀಟಿನ ಮೇಲೆ ಅಂಗೈ ಇಟ್ಟುಕೊಂಡು ನಿಲ್ಲುವುದು ನನಗೆ ಬಹಳ ಇಷ್ಟ. ನನ್ನದು ಅನ್ನಿಸುವ ಯಾವುದಾದರೂ ಒಂದು ವಸ್ತು ಆ ಮನೆಯಲ್ಲಿದ್ದರೆ ಅದು ಆ ಬಿಸಿ.

ಮಾವ ಹೊಗಳುವ ಜಾತಿಯ ಮನುಷ್ಯರಲ್ಲ. ನಾನು ಹೊಯ್ದ ಶೀಟನ್ನು ಬೆಳಕಿಗೆ ಹಿಡಿದು ನೋಡಿ, ಒರಗಿಸಿಟ್ಟು, "ಇನ್ನೊಂದು ಹಾಕಮ್ಮಾ" ಅನ್ನುತ್ತಿದ್ದರು. ನಾನು ಅದನ್ನೇ ಹೊಗಳಿಕೆ ಅಂತ ತಿಳಿದುಕೊಂಡು ವರ್ಷಗಟ್ಟಲೆ ಸಂಸಾರ ಮಾಡಿದೆ. ಅವರು ಹೊಗಳಲು ಬಲ್ಲವರು ಅಂತ ನನಗೆ ಗೊತ್ತಾದದ್ದು ವಾರಗಿತ್ತಿ ಬಂದ ಮೇಲೆ.

ಅವಳು ಮೊಳಕಾಲ್ಮುರಿನವಳು, ರೇಷ್ಮೆ ಸೀರೆ ನೇಯುವವರ ಮನೆಯವಳು. ಬಂದ ಹೊಸತರಲ್ಲಿ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ದಿನ ನಾನು ಶೀಟಿಗೆ ತೆಂಗಿನ ನಾರು ಹಾಸುತ್ತಿದ್ದೆ. ನಾರು ಹಾಕದಿದ್ದರೆ ತೆಳು ಶೀಟು ಎತ್ತುವಾಗಲೇ ಮುರಿಯುತ್ತದೆ, ಹಾಕಿದರೆ ಶೀಟು ದಪ್ಪವಾಗುತ್ತದೆ. ಅವಳು ಮಾವನಿಗೆ ಕೇಳುವ ಹಾಗೆ, "ನಮ್ಮನ್ಯಾಗೆ ಮಗ್ಗದ ಕೆಳಗೆ ರೇಷ್ಮೆ ತುಂಡು ಬೇಕಾದಷ್ಟು ಬಿದ್ದಿರ್ತೈತೆ ಮಾವ, ಅದ್ನ ಬಿಡ್ಸಿ ಹಾಕಿದ್ರೆ ಹೆಂಗ್ರಿ?" ಅಂದಳು.

ತವರಿನಿಂದ ಒಂದು ಚೀಲ ತುಂಡು ರೇಷ್ಮೆ ತಂದಳು. ಬಣ್ಣ ಬಣ್ಣದ ಎಳೆಗಳನ್ನು ಬಿಡಿಸಿ, ಜೇಡರ ಬಲೆಯಷ್ಟು ತೆಳುವಾಗಿ ಹಾಸಿದಳು. ಶೀಟು ಒಣಗಿದ ಮೇಲೆ ಮಾವ ಅದನ್ನು ಎರಡೂ ತುದಿ ಹಿಡಿದು ಸ್ವಲ್ಪ ಬಗ್ಗಿಸಿದರು. ಅದು ಮುರಿಯಲಿಲ್ಲ. ನನ್ನ ಶೀಟಿನ ಅರ್ಧದಷ್ಟೂ ದಪ್ಪವಿರಲಿಲ್ಲ.

"ಭೇಷ್!" ಅಂದರು ಮಾವ. "ಏನ್ ತಲೆ ಐತೆ ಇವಳಿಗೆ! ನೋಡಮ್ಮಾ, ನೋಡು" ಅಂತ ಅದನ್ನು ತಂದು ನನ್ನ ಕೈಯಲ್ಲೇ ಇಟ್ಟರು.

ನೋಡಿದೆ. ನೋಡದೆ ಏನು ಮಾಡಲಿ? ಅವತ್ತು ರಾತ್ರಿ ಅನ್ನಕ್ಕೆ ಉಪ್ಪು ಹಾಕಲು ಮರೆತೆ ಅಂತ ಗಂಡ ಗೊಣಗಿದ. ಮರೆತಿರಲಿಲ್ಲ. ಉಪ್ಪಿನ ಡಬ್ಬಿ ಅವಳ ಪಕ್ಕದಲ್ಲಿತ್ತು, ಕೇಳಲು ಮನಸ್ಸಾಗಲಿಲ್ಲ.

ಆಮೇಲೆ ದಿನವೂ ಅದೇ. ಬಂದ ಗಿರಾಕಿಗಳಿಗೆಲ್ಲ ಮಾವ ರೇಷ್ಮೆಯ ಕಥೆ ಹೇಳುವರು. ಅವಳು ತಲೆ ತಗ್ಗಿಸಿ ನಗುವಳು. ನಾನು ಪಕ್ಕದಲ್ಲಿ ನಿಂತು ಗಾಜು ಒರೆಸುತ್ತಿರುವೆ. ನನ್ನ ಮುಖ ನೋಡಿ ಗಂಡ ಒಂದು ದಿನ, "ಶೀಟು ಒಣಗ್ಸೋಕೆ ಬಿಸಿಲು ಯಾಕೆ, ನಿನ್ನ ಹೊಟ್ಟೆ ಮೇಲೆ ಇಟ್ರೆ ಸಾಕಲ್ಲೇ" ಅಂದ. ಅವನಿಗೆ ತಮಾಷೆ. ನಾನು ಅವನ ತಟ್ಟೆಗೆ ಮುದ್ದೆ ಹಾಕಿದ ಸಪ್ಪಳ ಪಕ್ಕದ ಮನೆಗೂ ಕೇಳಿಸಿರಬೇಕು.

ನನಗೂ ಒಂದು ತವರು ಇಲ್ಲವೇ? ಅವಳ ಮನೆಯಲ್ಲಿ ರೇಷ್ಮೆ ಇದ್ದರೆ ನನ್ನ ಅಪ್ಪನ ಮನೆಯಲ್ಲಿ ಉಣ್ಣೆ ಇದೆ. ಕಂಬಳಿ ಹೊದ್ದು ಬೆಳೆದವಳು ನಾನು. ಉಣ್ಣೆಗಿಂತ ಗಟ್ಟಿ ಎಳೆ ಲೋಕದಲ್ಲಿ ಇನ್ನೊಂದಿಲ್ಲ ಅಂತ ನಮ್ಮವರ ನಂಬಿಕೆ, ನನ್ನದೂ. ಅಪ್ಪನಿಗೆ ಫೋನ್ ಮಾಡಿ, ಮರಿಗಳ ಮೊದಲ ಕತ್ತರಿಯ ಮೆತ್ತನೆಯ ಉಣ್ಣೆ ಕಳಿಸು ಅಂದೆ. ಅವನು ಯಾಕೆ ಅಂತ ಕೇಳದೆ ಒಂದು ಚೀಲ ತುಂಬಿ ಬಸ್ಸಿಗೆ ಹಾಕಿ ಕಳಿಸಿದ. ಎಲ್ಲರೂ ಊಟ ಮಾಡಿ ಮಲಗಿದ್ದ ಒಂದು ಮಧ್ಯಾಹ್ನ ನಾನೊಬ್ಬಳೇ ಶೆಡ್ಡಿಗೆ ಹೋಗಿ, ಉಣ್ಣೆಯನ್ನು ಹಿಂಜಿ ಹಾಸಿ, ದೊಡ್ಡ ಶೀಟನ್ನೇ ಹೊಯ್ದೆ.

ಪ್ಲಾಸ್ಟರ್ ಬಿಸಿಯಾಗುತ್ತದೆ ಅಂತ ಹೇಳಿದೆನಲ್ಲ. ಬಿಸಿಯಾಯಿತು. ಉಣ್ಣೆಯೂ ಬಿಸಿಯಾಯಿತು. ಸ್ವಲ್ಪ ಹೊತ್ತಿಗೆ ಶೆಡ್ಡೆಲ್ಲ ಕುರಿಯ ವಾಸನೆ. ಮಾವ ಟವೆಲು ಹೆಗಲಿಗೆ ಹಾಕಿಕೊಂಡು ಎದ್ದು ಬಂದರು. ಅವರ ಹಿಂದೆ ಅವಳು. ನಾನು ಶೀಟನ್ನು ಎತ್ತಲು ಹೋದರೆ ಮೇಲಿನ ಪದರ ಒಂದು ಕಡೆ, ಕೆಳಗಿನ ಪದರ ಒಂದು ಕಡೆ, ಪದರು ಚಪಾತಿಯ ಹಾಗೆ ಬಿಚ್ಚಿಕೊಂಡು, ನಡುವೆ ಒದ್ದೆಯೇ ಆಗದ ಉಣ್ಣೆ ಬೆಳ್ಳಗೆ ಕೂತಿತ್ತು.

"ಕುರಿ ರೊಪ್ಪದಾಗೆ ನಿಂತಂಗಾಯ್ತಲ್ಲಮ್ಮಾ" ಅಂದರು ಮಾವ, ಮೂಗಿಗೆ ಟವೆಲು ಹಿಡಿದು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ನಾನು ರೊಪ್ಪದಲ್ಲೇ ಹುಟ್ಟಿ ಬೆಳೆದವಳು ಅನ್ನುವುದು ಅವರಿಗೆ ಆ ಕ್ಷಣ ನೆನಪಿಗೆ ಬಂದಿರಲಾರದು.

"ಏಂ ಕಾದು ಬಿಡಕ್ಕಾ" ಅಂದಳು ಅವಳು. ಅವಳ ಊರಿನ ಕಡೆ ಏನೂ ಆಗಲ್ಲ ಅನ್ನುವುದಕ್ಕೆ ಹಾಗೆ ತೆಲುಗಿನಲ್ಲೇ ಹೇಳುತ್ತಾರೆ. "ಉಣ್ಣೆನಾಗೆ ಜಿಡ್ಡು ಇರ್ತೈತಲ್ಲ, ಅದ್ಕೆ ಪ್ಲಾಸ್ಟರ್ ಹಿಡ್ಕಂಡಿಲ್ಲ. ಸೋಪಿನ ನೀರ್ನಾಗೆ ಕುದ್ಸಿ ನೋಡಾನ, ನಾನೂ ಬರ್ತೀನಿ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಕುರಿಯ ಮೈಯ ಜಿಡ್ಡನ್ನು ಹುಟ್ಟಿದಂದಿನಿಂದ ಕೈಗೆ ಹತ್ತಿಸಿಕೊಂಡ ನನಗೆ ಹೊಳೆಯದ್ದು ನೇಕಾರರ ಹುಡುಗಿಗೆ ಹೊಳೆದಿತ್ತು. ಅದು ನನಗೆ ಸಹಿಸಲಾಗಲಿಲ್ಲ. "ಏನೂ ಬ್ಯಾಡ" ಅಂದು ಉಳಿದ ಉಣ್ಣೆಯನ್ನು ದಿಂಬಿಗೆ ತುಂಬಿದೆ.

ಹೀಗಿರುವಾಗ ಕೊಂಡ್ಲಹಳ್ಳಿ ಕಡೆಯ ಒಂದು ಶಾಲೆಯ ಮೇಷ್ಟ್ರು ಬಂದರು. ಶಾಲೆಯ ಹಾಲಿನಲ್ಲಿ ಇಡಲು ನಮ್ಮ ಸೀಮೆಯ ಮಾದರಿಯೊಂದು ಬೇಕಿತ್ತು, ಎರಡು ಮಂಚ ಜೋಡಿಸಿದಷ್ಟು ದೊಡ್ಡದು. ಒಂದು ಕಡೆ ಮೊಳಕಾಲ್ಮುರಿನ ಬಂಡೆಗುಡ್ಡ, ಇನ್ನೊಂದು ಕಡೆ ಕುದಾಪುರದ ಕಾವಲು, ಅಂದರೆ ಕುರಿ ದನ ಮೇಯುವ ಹುಲ್ಲುಗಾವಲು.

"ಈಗ ಅಲ್ಲೆಲ್ಲ ಸರ್ಕಾರದೋರ ಕಾಂಪೌಂಡು ಬಂದೈತಲ್ರಿ, ಅದು ಬ್ಯಾಡ" ಅಂದರು ಮೇಷ್ಟ್ರು. "ಅದಕ್ಕೂ ಮುಂಚೆ ಕಾವಲು ಹೆಂಗಿತ್ತೋ ಹಂಗೆ ಬೇಕು. ನಮ್ಮ ಹುಡುಗ್ರು ಅದ್ನ ನೋಡೇ ಇಲ್ಲ."

ಅವರು ಹೋದ ಮೇಲೆ ಮಾವ ನಮ್ಮಿಬ್ಬರನ್ನೂ ಕರೆದು ಕೂರಿಸಿಕೊಂಡರು. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದರು. "ಇದೊಂದು ಮುಗುದ್ರೆ ನಾನು ಮೇಜು ಬಿಟ್ಟೆ. ಆಮೇಲೆ ಇದ್ನ ಯಾರು ನಡೆಸ್ಬೇಕು ಅಂತ ಅವತ್ತು ಹೇಳ್ತೀನಿ. ಒಂದು ಕೆಲ್ಸಕ್ಕೆ ಒಬ್ರು ಯಜಮಾನ್ರು ಇರ್ಬೇಕು, ಇಬ್ರಿದ್ರೆ ಕೆಡ್ತೈತೆ" ಅಂದರು. ಆಮೇಲೆ ಸ್ವಲ್ಪ ಯೋಚಿಸಿ, "ಬಂಡೆ ಅವಳು ಮಾಡ್ಲಿ, ನೆಲ ನೀನು ಹಾಕಮ್ಮಾ" ಅಂದರು.

ನೆಲ! ಮಾದರಿ ನೋಡಲು ಬಂದವರು ಯಾರಾದರೂ ನೆಲ ನೋಡುತ್ತಾರೆಯೇ? ನಾಟಕಕ್ಕೆ ಹೋದವರು ಪಾತ್ರ ನೋಡುತ್ತಾರೆ, ಪರದೆ ನೋಡುತ್ತಾರೆ, ಪಾತ್ರದ ಕಾಲಕೆಳಗಿನ ಹಲಗೆ ನೋಡಿದವರುಂಟೇ? ನನಗೆ ಆ ಮೇಜು ಬೇಕಿತ್ತು. ಗಾಜು, ಪಟ್ಟಿ, ಅಚ್ಚುಗಳು, ಹಿತ್ತಲ ಬಾಗಿಲಿಗೆ ಬಂದು "ಅಮ್ಮಾ, ಶೀಟು ಐತಾ" ಅಂತ ಕೇಳುವ ಜನ, ಎಲ್ಲ ಬೇಕಿತ್ತು. ಅವಳಿಗಿಂತ ಮೊದಲು ಬಂದವಳು ನಾನು. ಮಾವನ ನಡುಗುವ ಕೈಗೆ ಬೋಗುಣಿ ಕೊಟ್ಟವಳು ನಾನು. ಇದನ್ನೆಲ್ಲ ಬಾಯಿಬಿಟ್ಟು ಕೇಳಿದ್ದರೆ ಮಾವ ಏನನ್ನುತ್ತಿದ್ದರೋ. ನಾನು ಕೇಳಲಿಲ್ಲ. "ಆಯ್ತ್ರಿ" ಅಂದೆ.

ಅವಳು ತವರಿಗೆ ಹೋಗಿ, ಮನೆಯ ಹಿಂದಿನ ಬಂಡೆಗಳಿಗೇ ರಬ್ಬರ್ ಹಾಲು ಹಚ್ಚಿ, ಒಣಗಿದ ಮೇಲೆ ಸಿಪ್ಪೆಯಂತೆ ಸುಲಿದು ತಂದಳು. ಅದೇ ಅಚ್ಚು. ಅದರೊಳಗೆ ಹೊಯ್ದ ಶೀಟಿನ ಮೇಲೆ ಬಂಡೆಯ ಒರಟು, ಬಿರುಕು, ಎಲ್ಲವೂ ಬಂತು. ಅವನ್ನು ಒಡೆದು ಒಂದರ ಮೇಲೊಂದು ಕೂರಿಸಿ, ಕಾಫಿ ಡಿಕಾಕ್ಷನ್ನು ಮತ್ತು ಮಸಿ ಬಳಿದಳು. ಮೊಳಕಾಲ್ಮುರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಕಾಣುವ ಗುಡ್ಡ ನಮ್ಮ ಹಿತ್ತಲಿನಲ್ಲಿ ಎದ್ದು ನಿಂತಿತು. ಓಣಿಯ ಹೆಂಗಸರೆಲ್ಲ ಬಂದು ನೋಡಿ ಹೋದರು. ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ ನಿಂತೆ. ಅದು ಚೆನ್ನಾಗಿತ್ತು. ಚೆನ್ನಾಗಿರದಿದ್ದರೆ ನಾನೂ ಹೊರಗೆ ನಿಂತು ಎಲ್ಲರ ಜೊತೆ ಹೊಗಳುತ್ತಿದ್ದೆ.

ಆಮೇಲೆ ನಾನು ನೆಲಕ್ಕೆ ಇಳಿದೆ. ಚಪ್ಪಟೆಯಾಗಿ ಹೊಯ್ದರೆ ಅದು ಸಿಮೆಂಟಿನ ಕಣದಂತೆ ಕಾಣುತ್ತದೆ. ಕಾವಲು ಹಾಗಿಲ್ಲ. ಸಣ್ಣವಳಿದ್ದಾಗ ಅಪ್ಪನ ಹಿಂಡಿನ ಜೊತೆ ಅಲ್ಲಿಗೆ ನಡೆದಿದ್ದೇನೆ. ನಿಂತು ನೋಡಿದರೆ ಸಮ, ನಡೆದರೆ ಏರು ಇಳಿಜಾರು ಮೊಣಕಾಲಿಗೆ ತಿಳಿಯುತ್ತದೆ. ಅದನ್ನು ತರಬೇಕಾದರೆ ಶೀಟು ಇನ್ನೂ ಮೆತ್ತಗಿರುವಾಗಲೇ ಅಡಿಗೆ ಹಾಸಿದ ಹಳೆ ಪಂಚೆಯ ಸಮೇತ ಗಾಜಿನಿಂದ ಎತ್ತಿ, ಏರಿಳಿತಕ್ಕೆ ತಕ್ಕಂತೆ ಕಟ್ಟಿದ ಮರದ ಚೌಕಟ್ಟಿನ ಮೇಲೆ ಹೊದಿಸಬೇಕು. ಪ್ಲಾಸ್ಟರ್ ಅಷ್ಟು ಪುರುಸೊತ್ತು ಕೊಡುವುದಿಲ್ಲ. ಮೊದಲ ಶೀಟುಗಳು ನನ್ನ ಕೈಯಲ್ಲೇ ಬಿರಿದವು.

ಆಗ ನೆನಪಾದದ್ದು ಹುಣಸೆ ಬೀಜದ ಗಂಜಿ. ನಮ್ಮ ಕಡೆ ಕಂಬಳಿ ನೂಲು ಬಿರುಸಾಗಲಿ ಅಂತ ಅದನ್ನು ಹಚ್ಚುತ್ತಾರೆ. ಬೀಜ ಹುರಿದು, ಅರೆದು, ಕುದಿಸಿ, ಆ ಗಂಜಿಯನ್ನು ಸ್ವಲ್ಪವೇ ಸ್ವಲ್ಪ ನೀರಿಗೆ ಬೆರೆಸಿದೆ. ಪ್ಲಾಸ್ಟರ್ ಗಟ್ಟಿಯಾಗಲು ತಡಮಾಡಿತು. ಶೀಟನ್ನು ಎತ್ತಿ ಹೊದಿಸಿ, ಗೋಣಿಯ ಪಟ್ಟಿಗಳನ್ನು ಅದ್ದಿ ಕೆಳಗಿನಿಂದ ಒತ್ತಿ, ಮೇಲೆ ಚಮಚದ ಹಿಂಭಾಗದಿಂದ ಕುರಿ ನಡೆದ ದಾರಿಗಳನ್ನು ಎಳೆಯುವಷ್ಟು ಹೊತ್ತು ಸಿಕ್ಕಿತು. ಎರಡು ಶೀಟು ಕೂಡುವ ಜಾಗದಲ್ಲಿ ಇನ್ನೊಂದು ಪದರ ಹೊಯ್ದೆ. ಮಣ್ಣು ಜರಡಿ ಹಿಡಿದು ಅಂಟಿಸಿದೆ, ಒಣಹುಲ್ಲಿನ ಬಣ್ಣಕ್ಕೆ ಶೇಂಗಾ ಸಿಪ್ಪೆಯ ಪುಡಿ ಉದುರಿಸಿದೆ.

"ಏನಕ್ಕಾ ಬೆರೆಸ್ತೀಯಾ ಅದು?" ಅಂತ ಅವಳು ಎರಡು ಮೂರು ಸಲ ಕೇಳಿದಳು. "ನೀರು" ಅಂದೆ. ಗಂಜಿಯ ಪಾತ್ರೆಯನ್ನು ನಾನೇ ತೊಳೆದು ಒಳಗಿಡುತ್ತಿದ್ದೆ. ಈಗ ಕೇಳಿದರೂ ನೀರು ಅಂತಲೇ ಹೇಳುತ್ತೇನೆ.

ಮಾವ ಒಮ್ಮೆ ಬಂದು ಚೌಕಟ್ಟಿನ ಕೆಳಗೆ ಬಗ್ಗಿ ನೋಡಿ, "ನೆಲಕ್ಕೆ ಯಾಕಮ್ಮಾ ಇಷ್ಟು ಕೆಲ್ಸ?" ಅಂದರು. ನನಗೆ ಉತ್ತರ ಗೊತ್ತಿತ್ತು, ಹೇಳಿದರೆ ಜಗಳವಾಗುತ್ತಿತ್ತು. ಇನ್ನೊಂದು ಗೋಣಿಪಟ್ಟಿ ಅದ್ದಿದೆ.

ಶಾಲೆಯಲ್ಲಿ ಮಾದರಿಯನ್ನು ಜೋಡಿಸಿ ತೋರಿಸಿದ ದಿನ ಮಕ್ಕಳು, ಅವರ ಮನೆಯವರು, ಊರಿನ ದೊಡ್ಡವರು, ಎಲ್ಲ ಬಂದಿದ್ದರು. ಬಾಗಿಲು ದಾಟಿದವರೆಲ್ಲ ನೇರವಾಗಿ ಗುಡ್ಡದ ಕಡೆಗೇ ಹೋದರು. ಮಕ್ಕಳು ಬಂಡೆಯನ್ನು ಮುಟ್ಟಿ ನೋಡಿ, ಕಲ್ಲೇ ಅಂತ ಒಬ್ಬ, ಅಲ್ಲ ಅಂತ ಒಬ್ಬ, ಹೊಡೆದಾಡಿದರು. ಮಾವ ಕುರ್ಚಿಯಲ್ಲಿ ಕೂತಿದ್ದರು. ಮೇಷ್ಟ್ರು, "ಮುಂದೆ ನಮಗೆ ಏನಾದ್ರೂ ಬೇಕಾದ್ರೆ ಯಾರನ್ನ ಕೇಳ್ಬೇಕ್ರಿ?" ಅಂದಾಗ ಮಾವ ಕೈ ಎತ್ತಿ ಅವಳನ್ನು ತೋರಿಸಿದರು.

"ನಮ್ಮ ಕಿರೀ ಸೊಸೆ. ಇನ್ಮೇಲೆ ಎಲ್ಲಾ ಇವಳೇ."

ಅಷ್ಟೇ. ಆ ಕೈ ನಡುಗುತ್ತಿತ್ತು, ಆದರೂ ತೋರಿಸಿದ್ದು ಯಾರನ್ನು ಅನ್ನುವುದರಲ್ಲಿ ಅನುಮಾನವಿರಲಿಲ್ಲ.

"ನೆಲ ಎಲ್ಲಾ ನಮ್ಮಕ್ಕ ಹಾಕಿದ್ದು ಸಾ" ಅಂದಳು ಅವಳು, ನನ್ನ ತೋಳು ಹಿಡಿದು ಮುಂದೆ ಎಳೆಯುತ್ತ. ಮೇಷ್ಟ್ರು "ಹೌದಾ, ಸಂತೋಷ" ಅಂದರು. ನನ್ನ ಪರವಾಗಿ ಮಾತಾಡುವಷ್ಟು ಅವಳು ದೊಡ್ಡವಳಾಗಿಬಿಟ್ಟಿದ್ದಳು. ತೋಳು ಬಿಡಿಸಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತೆ. ಅಳು ಬಂದಿರಲಿಲ್ಲ. ಮೈಯೆಲ್ಲ ಕಾದಿತ್ತು.

ನನಗೆ ಉಳಿದಿದ್ದ ಆಸೆ ಒಂದೇ, ಅಪ್ಪ. ಅವನಿಗೆ ಬರಲು ಹೇಳಿದ್ದೆ. ಕಾಂಪೌಂಡು ಬರುವ ಮುಂಚೆ ಆ ಕಾವಲಿನಲ್ಲಿ ಅವನು ನಡೆಯದ ಜಾಗವಿರಲಿಲ್ಲ. ಬೇರೆ ಯಾರು ನೋಡದಿದ್ದರೂ ಅವನು ನೋಡುತ್ತಾನೆ, ದಾರಿಗಳನ್ನು ಗುರುತು ಹಿಡಿಯುತ್ತಾನೆ, ತಿರುಗಿ ನನ್ನ ಮುಖ ನೋಡುತ್ತಾನೆ, ಅಷ್ಟಾದರೆ ನನಗೆ ಸಾಕು ಅಂದುಕೊಂಡಿದ್ದೆ.

ದೇವಸಮುದ್ರದ ಬಸ್ಸು ತಡವಾಗಿತ್ತು. ಜನ ಕಡಿಮೆಯಾಗುವ ಹೊತ್ತಿಗೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದ. ಚಪ್ಪಲಿ ಹೊರಗೆ ಬಿಟ್ಟು, ಮಾವನಿಗೆ ಕೈ ಮುಗಿದು, ಮಾದರಿಯ ಮುಂದೆ ನಿಂತ. ನಾನು ಅವನ ಕಣ್ಣನ್ನೇ ನೋಡುತ್ತಿದ್ದೆ. ಆ ಕಣ್ಣು ನನ್ನ ನೆಲವನ್ನು ದಾಟಿ ಸೀದಾ ಗುಡ್ಡಕ್ಕೆ ಹೋಯಿತು.

"ಅಗಾ!" ಅಂದ. "ಈ ಬಂಡೆ ಸಂದಿನಾಗೆ ಮಳೆಗೆ ಸಿಕ್ಕಂಡು ನಾನು ಕುಂತಿದ್ದೆ ನೋಡು. ಇದೇ ಬಂಡೆ! ಯಾರು ಮಾಡಿದ್ದು ಇದು?"

"ನಾನು ಮಾಮಾ" ಅಂದಳು ಅವಳು.

"ನಿನ್ನ ಕೈ ತಣ್ಣಗಿರ್ಲಿ ತಾಯಿ!" ಅಂದ ನನ್ನ ಅಪ್ಪ. ಹೆತ್ತ ಮಗಳನ್ನು ಅವನು ಯಾವತ್ತೂ ತಾಯಿ ಅಂತ ಕರೆದವನಲ್ಲ. ಹೊಟ್ಟೆಯೊಳಗೆ ಎಲ್ಲಿ ಏನು ಉರಿಯುತ್ತಿತ್ತು ಅಂತ ಆಗ ಯಾರಾದರೂ ಕೇಳಿದ್ದರೆ ಬೆರಳಿಟ್ಟು ತೋರಿಸುತ್ತಿದ್ದೆ.

ಬಂಡೆಯ ಸಂದಿಯನ್ನು ಹತ್ತಿರದಿಂದ ನೋಡಬೇಕು ಅಂತ ಅವನು ಮುಂದಕ್ಕೆ ಬಾಗಿದ. ಕಣ್ಣು ಅಷ್ಟಾಗಿ ಕಾಣುವುದಿಲ್ಲ ಅವನಿಗೆ, ಸೊಂಟವೂ ಬಿಗಿ. ಬಾಗಿದವನು ಆಧಾರಕ್ಕೆ ಎಡಗೈಯನ್ನು ಕಾವಲಿನ ನಡುಮಧ್ಯೆ ಊರಿದ.

ಮಾವ ಕುರ್ಚಿಯಿಂದ ಅರ್ಧ ಎದ್ದರು. "ಅಯ್ಯಯ್ಯೋ, ಕೈ ಇಡಬ್ಯಾಡ್ರಿ ಬೀಗ್ರೇ! ಮುರೀತೈತೆ!"

ಅಪ್ಪನಿಗೆ ಅರ್ಥವಾಗಲಿಲ್ಲ. ತಲೆಯೆತ್ತಿ ಮಾವನನ್ನು ನೋಡಿದ, ತನ್ನ ಕೈಯನ್ನು ನೋಡಿಕೊಂಡ.

"ಏನು ಮುರೀತೈತ್ರಿ?" ಅಂದ. "ನೆಲ ಅಲ್ವಾ?"

ಅಂದವನು ಕೈ ತೆಗೆಯಲೂ ಇಲ್ಲ. ಮತ್ತೆ ಆ ಬಂಡೆಯ ಕಡೆಗೇ ಬಾಗಿ, ಅವಳಿಗೆ ಅವತ್ತಿನ ಮಳೆಯ ಕಥೆ ಹೇಳುತ್ತ ಎಷ್ಟೋ ಹೊತ್ತು ನಿಂತಿದ್ದ, ಮೈಯ ಭಾರವನ್ನೆಲ್ಲ ನನ್ನ ನೆಲದ ಮೇಲೆ ಬಿಟ್ಟು.